ಹಲವು ಹರಳು, ಒಂದೇ ಚಿತ್ರ

ಸಕ್ಕರೆಯ ಹರಳನ್ನೂ ಕಲ್ಲುಪ್ಪಿನ ಹರಳನ್ನೂ ಕಾಣದ ಗೃಹಸ್ಥರಿಲ್ಲ. ಅವುಗಳ ಮುಖಗಳು ನಯವಾಗಿಯೂ ಅಂಚುಗಳು ನೇರವಾಗಿಯೂ ಇರುವುದಕ್ಕೆ ಕಾರಣವೇನೆಂದರೆ, ಅವುಗಳೊಳಗೆ ಕಣಗಳು ಒಂದೇ ಕ್ರಮದಲ್ಲಿ ಸಾಲು ಸಾಲಾಗಿ, ಪದರ ಪದರವಾಗಿ ನಿಂತಿರುವುದೇ. ನಮ್ಮ ಹಳೆಯ ಪಾಠಪುಸ್ತಕಗಳು ಸಸಾರಜನಕಗಳೆಂದು ಕರೆಯುತ್ತಿದ್ದ ಪ್ರೋಟೀನುಗಳನ್ನು ಸಹ ಹೀಗೆ ಹರಳುಗಟ್ಟಿಸಬಹುದು. ಮಧುಮೇಹವುಳ್ಳವರು ಚುಚ್ಚಿಸಿಕೊಳ್ಳುವ ಇನ್ಸುಲಿನ್ ಅಂಥದೊಂದು ವಸ್ತು. ಹರಳಿನೊಳಗಿನ ಅಣುವಿನ ಆಕಾರವನ್ನು ಸರಿಯಾಗಿ ಅರಿತರೆ, ಅದು ಶರೀರದಲ್ಲಿ ಹೇಗೆ ಕೆಲಸ ಮಾಡುತ್ತದೆ, ಔಷಧವು ಅದರ ಯಾವ ಮೂಲೆಗೆ ಹೊಂದುತ್ತದೆ ಎಂಬ ವಿಚಾರಗಳಿಗೆ ಆಧಾರ ದೊರೆಯುತ್ತದೆ. ತಪ್ಪಾಗಿ ಅರಿತರೆ ಅದರ ಮೇಲೆ ಕಟ್ಟಿದ ವಿಚಾರವೆಲ್ಲವೂ ವಾಲುತ್ತದೆ. ಆ ಆಕಾರಕ್ಕೆ ಸಾಕ್ಷಿ ಹೇಳಲು ಅನೇಕ ವೇಳೆ ಒಂದು ಹರಳು ಸಾಲದು. ಹತ್ತು, ನೂರು, ಸಾವಿರ ಹರಳುಗಳು ಬೇಕಾಗುತ್ತವೆ. ಅಷ್ಟು ಸಾಕ್ಷಿಗಳ ಮಾತನ್ನು ಒಂದು ಮಾತನ್ನಾಗಿ ಮಾಡುವ ಬಗೆ ಹೇಗೆ ಎಂಬುದೇ ಈ ತಿಂಗಳ ವಿಚಾರ.

೧೯೧೨ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾಕ್ಸ್ ಫಾನ್ ಲೌವೆ ಎಂಬ ವಿದ್ವಾಂಸನ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪಿಂಗ್ ಎಂಬಿಬ್ಬರು ಒಂದು ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಹಿಂದೆ ಇಟ್ಟಿದ್ದ ಛಾಯಾಚಿತ್ರದ ಫಲಕದ ಮೇಲೆ ಕಪ್ಪು ಕಲೆಗಳ ಒಂದು ವಿನ್ಯಾಸವನ್ನು ಪಡೆದರು. ಮರುವರ್ಷದೊಳಗಾಗಿ ಇಂಗ್ಲೆಂಡಿನ ಬ್ರ್ಯಾಗ್ ತಂದೆಮಕ್ಕಳು ಆ ಕಲೆಗಳಿಂದ ಉಪ್ಪಿನೊಳಗಿನ ಪರಮಾಣುಗಳ ಸ್ಥಾನಗಳನ್ನು ಗೊತ್ತುಮಾಡುವ ಮಾರ್ಗವನ್ನು ತೋರಿಸಿದರು. ಇದನ್ನು ನಮ್ಮ ಮನೆಯಂಗಳದ ರಂಗೋಲಿಯಿಂದ ತಿಳಿಯಬಹುದು. ಅಂಗಳದ ತುಂಬ ಸಮನಾದ ಅಂತರದಲ್ಲಿ ಚುಕ್ಕಿಗಳನ್ನಿಟ್ಟು, ಪ್ರತಿಯೊಂದು ಚುಕ್ಕಿಯ ಬಳಿಯಲ್ಲಿಯೂ ಒಂದೇ ಬಗೆಯ ಬಳ್ಳಿಯನ್ನು ಬರೆದರೆಂದು ಭಾವಿಸಿರಿ. ಚುಕ್ಕಿಗಳ ಅಂತರವು ಹರಳಿನ ಕ್ರಮ. ಬಳ್ಳಿಯು ಅದರ ಅಣು. ಫಲಕದ ಮೇಲೆ ಕಲೆಗಳು ಬಿದ್ದಿರುವ ಸ್ಥಳವು ಚುಕ್ಕಿಗಳ ಅಂತರವನ್ನು ತಿಳಿಸುತ್ತದೆ. ಯಾವ ಕಲೆ ಎಷ್ಟು ಗಾಢ, ಯಾವುದು ಎಷ್ಟು ಮಸುಕು ಎಂಬುದು ಬಳ್ಳಿಯ ಆಕಾರವನ್ನು ತಿಳಿಸುತ್ತದೆ. ಆಕಾರವನ್ನು ಪೂರ್ತಿ ಮಾಡಲು ಅಲೆಗಳ ಹಂತವೆಂಬ ಇನ್ನೊಂದು ಸಂಗತಿಯೂ ತಿಳಿಯಬೇಕು. ಆದರೆ ಅದು ಬೇರೊಂದು ತಿಂಗಳಿಗೆ ಸಾಕಾಗುವಷ್ಟು ವಿಷಯ. ಇಂದು ನಮಗೆ ಬೇಕಾದುದು ಕಲೆಗಳ ಗಾಢತೆಯ ಅಳತೆ.

ಅಳೆಯಬೇಕಾದ ಕಲೆಗಳೇನೂ ಹತ್ತಿಪ್ಪತ್ತಲ್ಲ. ಕೇಂಬ್ರಿಜ್ಜಿನಲ್ಲಿ ಜಾನ್ ಕೆಂಡ್ರೂ ಎಂಬವರು ತಿಮಿಂಗಿಲದ ಮಾಂಸದಿಂದ ತೆಗೆದ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಒರಟು ಚಿತ್ರವನ್ನು ೧೯೫೮ರಲ್ಲಿ ಪ್ರಕಟಿಸಿದಾಗ ಅದಕ್ಕೆ ಸುಮಾರು ೪೦೦ ಕಲೆಗಳು ಸಾಕಾಗಿದ್ದುವು. ೧೯೬೦ರಲ್ಲಿ ಸೂಕ್ಷ್ಮವಾದ ಚಿತ್ರವನ್ನು ಕೊಡುವಾಗ ಹತ್ತುಸಾವಿರದ ಹತ್ತಿರ ಹತ್ತಿರ ಬೇಕಾದುವು. ಚಿತ್ರವು ಸೂಕ್ಷ್ಮವಾದಷ್ಟೂ ಲೆಕ್ಕವು ಬೆಳೆಯುತ್ತದೆ. ಆ ಲೆಕ್ಕವನ್ನು ಕೈಯಿಂದ ಮಾಡಲಾಗದೆ ಅವರು ಆ ವಿಶ್ವವಿದ್ಯಾನಿಲಯದ ಎಡ್ಸಾಕ್ ಎಂಬ ಗಣಕಯಂತ್ರವನ್ನು ಆಶ್ರಯಿಸಿದರು. ಹರಳುಗಳ ಶಾಸ್ತ್ರಕ್ಕೂ ಗಣಕಯಂತ್ರಕ್ಕೂ ನಂಟು ಅಷ್ಟು ಹಳೆಯದು.

ಹಲವು ಹರಳುಗಳೇಕೆ ಬೇಕು? ಮೊದಲನೆಯದಾಗಿ, ಕ್ಷ-ಕಿರಣವು ಹರಳನ್ನು ಬೆಳಗುವುದರ ಜೊತೆಗೆ ಸುಡುತ್ತಲೂ ಇರುತ್ತದೆ. ದ್ರವ ಸಾರಜನಕದ ಶೈತ್ಯದಿಂದ, ಎಂದರೆ ಸೊನ್ನೆಗಿಂತ ಸುಮಾರು ೧೭೩ ಡಿಗ್ರಿ ಕೆಳಗೆ ಇಟ್ಟು ಅದರ ಆಯುಸ್ಸನ್ನು ಹೆಚ್ಚಿಸಬಹುದಾದರೂ, ಕ್ಷಯವನ್ನು ಪೂರ್ಣವಾಗಿ ತಪ್ಪಿಸಲಾಗದು. ಎಲ್ಲ ದಿಕ್ಕುಗಳಿಂದಲೂ ಅಳತೆ ಮುಗಿಯುವ ಮೊದಲೇ ಹರಳು ಕೆಟ್ಟುಹೋಗಬಹುದು. ಎರಡನೆಯದಾಗಿ, ಕೆಲವು ಪ್ರೋಟೀನುಗಳು ದೊಡ್ಡ ಹರಳುಗಳಾಗಲು ಒಪ್ಪುವುದೇ ಇಲ್ಲ. ಉಬ್ಬಸದ ರೋಗಿಗಳು ಸೇದುವ ಔಷಧವು ಎದೆಯೊಳಗಿನ ಉಸಿರುನಾಳಗಳಲ್ಲಿ ಒಂದು ಗ್ರಾಹಕ ಪ್ರೋಟೀನನ್ನು ಹಿಡಿದು ಕೆಲಸ ಮಾಡುತ್ತದೆ. ಜೀವಕೋಶದ ಪೊರೆಯಲ್ಲಿ ಹುದುಗಿರುವ ಆ ಗ್ರಾಹಕದ ಸ್ಪಷ್ಟವಾದ ಚಿತ್ರವು ೨೦೦೭ರಲ್ಲಿ ದೊರೆಯಿತು. ಅದು ಹತ್ತಾರು ಸಣ್ಣ ಹರಳುಗಳ ಅಳತೆಗಳನ್ನು ಕೂಡಿಸಿದುದರ ಫಲ. ಈ ವರ್ಗದ ಗ್ರಾಹಕಗಳ ಮೇಲಣ ಶ್ರಮಕ್ಕಾಗಿ ಲೆಫ್ಕೋವಿಟ್ಸ್ ಮತ್ತು ಕೋಬಿಲ್ಕ ಎಂಬಿಬ್ಬರಿಗೆ ೨೦೧೨ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೇಳುವುದುಂಟು. ಗಡಿಗೆಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೇ ಎಂದು ತಿಳಿಯುತ್ತದೆ. ಆ ನ್ಯಾಯವು ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಹರಳುಗಳೆಲ್ಲ ಒಂದೇ ಪ್ರೋಟೀನಿನವೇ ಸರಿ. ಆದರೆ ಪ್ರತಿಯೊಂದೂ ತನ್ನದೇ ಆದ ಮಾನದಲ್ಲಿ ಮಾತಾಡುತ್ತದೆ. ದೊಡ್ಡ ಹರಳಿನ ಕಲೆಗಳೆಲ್ಲವೂ ಗಾಢ, ಚಿಕ್ಕದರವು ಮಸುಕು. ಕಿರಣವು ಹೆಚ್ಚು ಹೊತ್ತು ಬಿದ್ದರೆ ಒಂದು ಬೆಲೆ, ಕಡಿಮೆ ಹೊತ್ತು ಬಿದ್ದರೆ ಮತ್ತೊಂದು. ಕಿರಣದ ದಾರಿಯಲ್ಲಿ ಹರಳಿನ ದಪ್ಪನಾದ ಭಾಗವು ಅಡ್ಡಬಂದರೆ ಅದು ಒಂದಿಷ್ಟನ್ನು ನುಂಗಿಬಿಡುತ್ತದೆ.

ಉಪಾಧ್ಯಾಯವೃತ್ತಿಯಲ್ಲಿದ್ದವರಿಗೆ ಈ ತೊಡಕು ಹೊಸದಲ್ಲ. ಒಂದೇ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇಬ್ಬರು ಪರೀಕ್ಷಕರಿಗೆ ಹಂಚಿದರೆ, ಒಬ್ಬನು ಧಾರಾಳಿ, ಮತ್ತೊಬ್ಬನು ಬಿಗಿಯಾದವನು. ಇವರ ಪಟ್ಟಿಗಳನ್ನು ಹಾಗೆಯೇ ಸೇರಿಸಿದರೆ ಮಕ್ಕಳಿಗೆ ಅನ್ಯಾಯ. ಆದುದರಿಂದ ಕೆಲವು ಪತ್ರಿಕೆಗಳನ್ನು ಇಬ್ಬರಿಂದಲೂ ನೋಡಿಸಿ, ಅವುಗಳಲ್ಲಿ ಇಬ್ಬರೂ ಕೊಟ್ಟ ಅಂಕಗಳನ್ನು ಹೋಲಿಸಿ, ಬಿಗಿಯಾದವನ ಅಂಕಗಳನ್ನು ಎಷ್ಟರಿಂದ ಗುಣಿಸಬೇಕೆಂದು ಗೊತ್ತುಮಾಡಬೇಕು. ಹರಳುಗಳಲ್ಲಿಯೂ ಇದೇ ಉಪಾಯ. ಎರಡು ಹರಳುಗಳಲ್ಲಿಯೂ ಅಳೆದಿರುವ ಕಲೆಗಳು ಯಾವುವೋ ಅವೇ ಸೇತುವೆ. ಇದಲ್ಲದೆ ಹರಳಿಗೆ ಸಮಮಿತಿಯೆಂಬ ಗುಣವಿರುವುದರಿಂದ, ಅದರ ಒಂದು ಕಲೆಗೆ ಸಮನಾದ ಜೊತೆಯ ಕಲೆಗಳು ಬೇರೆ ದಿಕ್ಕುಗಳಲ್ಲಿ ಬೀಳುತ್ತವೆ. ಅವುಗಳೂ ಸೇತುವೆಗೆ ಒದಗುತ್ತವೆ.

ಇದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ಲೆಕ್ಕವು ಕಲ್ಪಿತವಾದುದು. ಮೊದಲನೆಯ ಹರಳಿನಲ್ಲಿ ಒಂದು, ಎರಡು, ಮೂರನೆಯ ಕಲೆಗಳು ಕ್ರಮವಾಗಿ ೨೦೦, ೪೮೦, ೧೨೦ ಎಂದು ಅಳತೆಯಾದುವು. ನಾಲ್ಕನೆಯದನ್ನು ಅಳೆಯುವಷ್ಟರಲ್ಲಿ ಹರಳು ಕೆಟ್ಟಿತು. ಎರಡನೆಯ ಹರಳಿನಲ್ಲಿ ಒಂದನೆಯದು ೧೦೧, ಎರಡನೆಯದು ೨೩೮, ನಾಲ್ಕನೆಯದು ೭೫, ಮೂರನೆಯದು ದೊರೆಯಲಿಲ್ಲ. ಇಬ್ಬರಲ್ಲಿಯೂ ಇರುವ ಒಂದನೆಯ ಮತ್ತು ಎರಡನೆಯ ಕಲೆಗಳನ್ನು ಹೋಲಿಸಿದರೆ, ಎರಡನೆಯ ಹರಳಿನ ಅಳತೆಯನ್ನು ಸುಮಾರು ಇಮ್ಮಡಿ ಮಾಡಬೇಕೆಂದು ಸ್ಪಷ್ಟವಾಗುತ್ತದೆ. ಹಾಗೆ ಮಾಡಿದರೆ ಅದರ ಬೆಲೆಗಳು ೨೦೨, ೪೭೬, ೧೫೦ ಆದುವು. ಈಗ ನಾಲ್ಕು ಕಲೆಗಳಿಗೂ ಒಂದೇ ಮಾನದಲ್ಲಿ ಬೆಲೆಯುಂಟು. ಯಾವ ಹರಳೂ ಒಂಟಿಯಾಗಿ ಹೇಳಲಾರದುದನ್ನು ಎರಡೂ ಕೂಡಿ ಹೇಳಿದುವು.

ಸರಾಸರಿಯನ್ನು ತೆಗೆಯುವಾಗ ಮತ್ತೊಂದು ವಿವೇಕ ಬೇಕು. ಎರಡನೆಯ ಕಲೆಯ ಅಳತೆಯಲ್ಲಿ ಮೊದಲನೆಯ ಹರಳಿನ ಅನಿಶ್ಚಯವು ೨ ಎಂದೂ ಎರಡನೆಯದರ ಅನಿಶ್ಚಯವೂ ೨ ಎಂದೂ ಇಟ್ಟುಕೊಳ್ಳೋಣ. ಎರಡನೆಯದನ್ನು ಇಮ್ಮಡಿ ಮಾಡಿದಾಗ ಅದರ ಬೆಲೆ ಮಾತ್ರವಲ್ಲದೆ ಅನಿಶ್ಚಯವೂ ಇಮ್ಮಡಿಸಿ ೪ ಆಯಿತು. ಅನಿಶ್ಚಯದ ವರ್ಗವು ಹೆಚ್ಚಿದಷ್ಟೂ ಮಾತಿನ ತೂಕವು ತಗ್ಗತಕ್ಕದ್ದೆಂಬುದು ಗಣಿತದ ನಿಯಮ. ಆದಕಾರಣ ೪೮೦ಕ್ಕೆ ನಾಲ್ಕು ಪಾಲು, ೪೭೬ಕ್ಕೆ ಒಂದು ಪಾಲು ಗೌರವ; ಕೂಡಿದ ಬೆಲೆ ೪೭೯.೨. ಮಂದವಾಗಿ ನುಡಿದ ಸಾಕ್ಷಿಯ ಧ್ವನಿಯನ್ನು ನಾವು ಏರಿಸಬಹುದು. ಅವನ ಸಂದೇಹವೂ ಅದರೊಡನೆ ಏರುತ್ತದೆಂಬುದನ್ನು ಮರೆಯಲಾಗದು.

ನಿಜವಾದ ಕೆಲಸವು ಇದಕ್ಕಿಂತ ಬಹಳ ತೊಡಕಿನದು. ಒಂದು ಹರಳಿಗೆ ಒಂದೇ ಗುಣಕವೆಂದರೆ ಸಾಲದು. ಹರಳು ಸುಡುತ್ತ ಹೋದಂತೆ ಗುಣಕವು ಗಳಿಗೆಗಳಿಗೆಗೂ ಬದಲಾಗುತ್ತದೆ. ಅದರಲ್ಲಿಯೂ ಫಲಕದ ನಡುವಿನಿಂದ ದೂರ ಬೀಳುವ ಕಲೆಗಳು, ಎಂದರೆ ಸೂಕ್ಷ್ಮ ವಿವರಗಳನ್ನು ಹೊತ್ತಿರುವ ಕಲೆಗಳು, ಮೊದಲು ಮಸುಕಾಗುತ್ತವೆ. ಮುಪ್ಪು ಬಂದಾಗ ದೊಡ್ಡ ಅಕ್ಷರ ಕಂಡು ಸಣ್ಣಕ್ಷರ ಕಾಣದಿರುವಂತೆಯೇ ಇದು. ಆದುದರಿಂದ ಕಾಲಕ್ಕೂ ಕೋನಕ್ಕೂ ಅನುಸಾರವಾಗಿ ತಿದ್ದುಪಡಿ ಬೇಕು. ಇನ್ನೊಂದು ಬಿಕ್ಕಟ್ಟೇನೆಂದರೆ, ಗುಣಕವನ್ನು ಕಂಡುಹಿಡಿಯಲು ಸರಿಯಾದ ಸರಾಸರಿ ತಿಳಿದಿರಬೇಕು. ಸರಾಸರಿಯನ್ನು ಕಂಡುಹಿಡಿಯಲು ಸರಿಯಾದ ಗುಣಕ ತಿಳಿದಿರಬೇಕು. ಬೀಜವೃಕ್ಷನ್ಯಾಯದಂತಿರುವ ಈ ಗಂಟನ್ನು ಬಿಡಿಸುವುದು ಹೀಗೆ: ಮೊದಲು ಒಂದು ಊಹೆಯ ಗುಣಕವನ್ನಿಟ್ಟು ಸರಾಸರಿಯನ್ನು ತೆಗೆಯುವುದು, ಆ ಸರಾಸರಿಯಿಂದ ಗುಣಕವನ್ನು ತಿದ್ದುವುದು, ಎರಡೂ ಅಲುಗಾಡದೆ ನಿಲ್ಲುವ ತನಕ ಇದನ್ನೇ ಮತ್ತೆ ಮತ್ತೆ ಮಾಡುವುದು. ಭಿನ್ನಾಭಿಪ್ರಾಯಗಳ ವರ್ಗಗಳ ಮೊತ್ತವು ಅತ್ಯಲ್ಪವಾಗುವಂತೆ ಗುಣಕಗಳನ್ನು ಆರಿಸುವ ಈ ಮಾರ್ಗವನ್ನು ೧೯೬೫ರಲ್ಲಿ ಹ್ಯಾಮಿಲ್ಟನ್, ರೊಲೆಟ್, ಸ್ಪಾರ್ಕ್ಸ್ ಎಂಬ ಮೂವರು ವಿವರಿಸಿದರು. ಮರುವರ್ಷ ಫಾಕ್ಸ್ ಮತ್ತು ಹೋಮ್ಸ್ ಎಂಬಿಬ್ಬರು ಅದೇ ಲೆಕ್ಕವನ್ನು ಬಿಡಿಸುವ ಬೇರೊಂದು ಕ್ರಮವನ್ನು ಕೊಟ್ಟರು.

ಲಕ್ಷಾಂತರ ಅಳತೆಗಳ ಮೇಲೆ ಹೀಗೆ ಮತ್ತೆ ಮತ್ತೆ ಲೆಕ್ಕ ಹಾಕುವುದು ಮನುಷ್ಯರ ಕೈಯಿಂದಾಗದ ಕೆಲಸ. ಗಣಕಯಂತ್ರವು ಏನು ಮಾಡಬೇಕೆಂದು ವಿಧಿಸುವ ಸೂಚನೆಗಳ ಸಮೂಹಕ್ಕೆ ಈಗ ತಂತ್ರಾಂಶವೆಂದು ಹೆಸರು. ಹೈಡೆಲ್ಬರ್ಗಿನ ವೋಲ್ಫ್‌ಗಾಂಗ್ ಕಾಬ್ಷ್ ಅವರ ಎಕ್ಸ್‌ಸ್ಕೇಲ್, ಕೇಂಬ್ರಿಜ್ಜಿನ ಫಿಲ್ ಎವನ್ಸ್ ಅವರ ಏಮ್ಲೆಸ್ ಎಂಬಿವು ಈ ಕಾರ್ಯಕ್ಕೆಂದೇ ರಚಿತವಾದ ತಂತ್ರಾಂಶಗಳು. ಪಟ್ಟಿಗಳನ್ನು ಒಪ್ಪಿಸಿದರೆ ಅವು ಗುಣಕಗಳನ್ನು ಕಂಡುಹಿಡಿದು, ಕೂಡಿಸಿ, ಎಷ್ಟರಮಟ್ಟಿಗೆ ಸಾಕ್ಷಿಗಳು ಒಪ್ಪಿದುವೆಂಬ ವರದಿಯನ್ನೂ ಬರೆದುಕೊಡುತ್ತವೆ. ವರದಿಯನ್ನು ಓದಿ ತೀರ್ಮಾನಿಸುವ ಭಾರ ಮಾತ್ರ ಮನುಷ್ಯನ ಮೇಲೆಯೇ ಉಳಿಯುತ್ತದೆ.

ಆ ತೀರ್ಮಾನಗಳಲ್ಲಿ ಮೊದಲನೆಯದು ದಿಕ್ಕಿನದು. ಮತ್ತೆ ರಂಗೋಲಿಗೆ ಬರೋಣ. ಚುಕ್ಕಿಗಳು ಚೌಕವಾಗಿ ನಿಂತಿದ್ದರೆ, ಅಂಗಳವನ್ನು ಪೂರ್ವದಿಂದ ನೋಡಿದರೂ ಉತ್ತರದಿಂದ ನೋಡಿದರೂ ಚುಕ್ಕಿಗಳ ಸಾಲು ಒಂದೇ. ಬಳ್ಳಿಯಾದರೋ ಒಂದು ಕಡೆಗೆ ಬಾಗಿದೆ. ಚುಕ್ಕಿಗಳನ್ನಷ್ಟೇ ನಂಬಿ, ಒಂದು ಅಂಗಳದ ಚಿತ್ರವನ್ನು ಪೂರ್ವದಿಂದಲೂ ಇನ್ನೊಂದನ್ನು ಉತ್ತರದಿಂದಲೂ ತೆಗೆದು ಒಂದರ ಮೇಲೊಂದಿಟ್ಟರೆ ಬಳ್ಳಿಯು ಗೋಜಲಾಗುತ್ತದೆ. ಕೆಲವು ಜಾತಿಯ ಹರಳುಗಳಲ್ಲಿ ಈ ಅಪಾಯವುಂಟು. ಆದಕಾರಣ ಕೂಡಿಸುವ ಮೊದಲು, ಯಾವ ದಿಕ್ಕಿಗೆ ತಿರುಗಿಸಿದರೆ ಗಾಢ ಕಲೆಗೆ ಗಾಢ ಕಲೆ, ಮಸುಕಿಗೆ ಮಸುಕು ಹೊಂದುವುದೆಂದು ಪ್ರತಿಯೊಂದು ಹರಳನ್ನೂ ಪರೀಕ್ಷಿಸಿ ನೋಡಬೇಕು.

ಎರಡನೆಯ ತೀರ್ಮಾನವು ಯಾರನ್ನು ಸಾಕ್ಷಿಯಾಗಿ ಕರೆಯಬೇಕೆಂಬುದು. ಒಂದೇ ಪಾತ್ರೆಯಲ್ಲಿ ಬೆಳೆದ ಹರಳುಗಳಲ್ಲಿಯೂ ನೀರಿನ ಅಂಶ ತುಸು ಹೆಚ್ಚು ಕಡಿಮೆಯಾದರೆ ಚುಕ್ಕಿಗಳ ಅಂತರವು ಬದಲಾಗುತ್ತದೆ; ಅಣುಗಳೂ ಸ್ವಲ್ಪ ಸರಿದು ನಿಲ್ಲುತ್ತವೆ. ಇಂಥ ಭಿನ್ನಜಾತಿಯ ಹರಳುಗಳನ್ನು ಗುಣಕದಿಂದ ಸರಿಪಡಿಸಲಾಗದು. ಸಂಸ್ಕೃತ ಗ್ರಂಥಗಳ ಪಾಠಶೋಧನೆಯನ್ನು ಬಲ್ಲವರಿಗೆ ಇದರ ಮರ್ಮವು ಕೂಡಲೆ ತಿಳಿಯುತ್ತದೆ. ಪುಣೆಯ ಭಂಡಾರಕರ ಸಂಸ್ಥೆಯವರು ೧೯೧೯ರಿಂದ ೧೯೬೬ರವರೆಗೆ ಮಹಾಭಾರತದ ಪರಿಷ್ಕೃತ ಮುದ್ರಣವನ್ನು ಸಿದ್ಧಪಡಿಸಿದಾಗ, ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ನೋಡಿದರು. ಅವನ್ನೆಲ್ಲ ಒಂದೇ ರಾಶಿಗೆ ಹಾಕಲಿಲ್ಲ. ಶಾರದಾ, ನೇಪಾಳಿ, ಬಂಗಾಳಿ, ತೆಲುಗು, ಗ್ರಂಥ, ಮಲೆಯಾಳ ಎಂದು ಲಿಪಿಗಳನ್ನನುಸರಿಸಿ, ಉತ್ತರದ ಪಾಠ, ದಕ್ಷಿಣದ ಪಾಠ ಎಂದು ಕುಟುಂಬಗಳಾಗಿ ವಿಂಗಡಿಸಿಕೊಂಡರು. ಒಂದರಲ್ಲಿ ಗರಿ ಹರಿದಿದ್ದರೆ ಅದರ ಸೋದರಪ್ರತಿಯು ತುಂಬಿಕೊಟ್ಟಿತು. ಹರಳುಗಳನ್ನೂ ಹೀಗೆಯೇ ಚುಕ್ಕಿಗಳ ಅಂತರವನ್ನು ನೋಡಿ ಕುಟುಂಬಗಳಾಗಿ ವಿಂಗಡಿಸುವ ಬ್ಲೆಂಡ್ ಎಂಬ ತಂತ್ರಾಂಶವು ೨೦೧೩ರಲ್ಲಿ ಪ್ರಕಟವಾಯಿತು. ಒಂದು ಕುಟುಂಬದೊಳಗೆ ಕೂಡಿಸಿದರೆ ಚಿತ್ರವು ತಿಳಿಯಾಗುತ್ತದೆ; ಕುಟುಂಬಗಳನ್ನು ಬೆರಸಿದರೆ ಕದಡುತ್ತದೆ.

ಕೂಡಿಸಿದುದು ಒಳ್ಳೆಯದಾಯಿತೆಂದು ತಿಳಿಯುವುದು ಹೇಗೆ? ಬಹುಕಾಲದ ರೂಢಿಯೇನೆಂದರೆ, ಒಂದೊಂದು ಅಳತೆಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಲೆಕ್ಕ ಹಾಕಿ, ಆ ದೂರಗಳ ಮೊತ್ತವನ್ನು ಅಳತೆಗಳ ಮೊತ್ತದಿಂದ ಭಾಗಿಸುವುದು. ಫಲವು ಕಡಿಮೆಯಾದರೆ ಒಪ್ಪಿಗೆ ಹೆಚ್ಚು ಎಂದು ತಿಳಿಯುತ್ತಿದ್ದರು. ಇದರಲ್ಲಿ ಒಂದು ಮೋಸವಿದೆ. ಒಬ್ಬನೇ ಸಾಕ್ಷಿಯಿದ್ದರೆ ಅವನೇ ಸರಾಸರಿ, ಭಿನ್ನಾಭಿಪ್ರಾಯವು ಸೊನ್ನೆ. ಸಾಕ್ಷಿಗಳು ಹೆಚ್ಚಿದಂತೆ ತೀರ್ಪು ದೃಢವಾಗುತ್ತದೆ, ಆದರೆ ಈ ಅಂಕಿಯು ಏರಿ, ಕೆಲಸವು ಕೆಟ್ಟಿತೆಂದು ತೋರಿಸುತ್ತದೆ. ಅಂಕಿ ಚೆನ್ನಾಗಿ ಕಾಣಲೆಂದು ಒಳ್ಳೆಯ ಸಾಕ್ಷಿಗಳನ್ನು ಹೊರಗೆ ಕಳುಹಿಸಿದಂತಾಗುತ್ತಿತ್ತು. ಜರ್ಮನಿಯ ಡೀಡರಿಕ್ಸ್ ಮತ್ತು ಅಮೇರಿಕದ ಕಾರ್ಪ್ಲಸ್ ಎಂಬಿಬ್ಬರು ೧೯೯೭ರಲ್ಲಿ ಈ ಅಳತೆಗೋಲನ್ನು ತಿದ್ದಿದರು; ೨೦೧೨ರಲ್ಲಿ ಇನ್ನೂ ಉತ್ತಮವಾದುದೊಂದನ್ನು ಸೂಚಿಸಿದರು. ಅದರ ಕ್ರಮವು ಸರಳ: ಅಳತೆಗಳನ್ನೆಲ್ಲ ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದೊಂದು ಪಾಲಿನಿಂದಲೂ ಸರಾಸರಿಯ ಪಟ್ಟಿಯನ್ನು ಬೇರೆ ಬೇರೆಯಾಗಿ ತಯಾರಿಸಿ, ಎರಡು ಪಟ್ಟಿಗಳು ಎಷ್ಟು ಹೊಂದುತ್ತವೆಯೆಂದು ನೋಡುವುದು. ಪೂರ್ಣವಾಗಿ ಹೊಂದಿದರೆ ೧, ಏನೂ ನಂಟಿಲ್ಲದಿದ್ದರೆ ೦. ಹಿಂದೆ ಕಸವೆಂದು ಎಸೆಯುತ್ತಿದ್ದ ಮಸುಕು ಕಲೆಗಳಲ್ಲಿಯೂ ಸತ್ತ್ವವಿದೆಯೆಂಬುದು ಈ ಪರೀಕ್ಷೆಯಿಂದ ತಿಳಿದುಬಂದಿತು.

ಆದರೆ ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇವೆಲ್ಲವೂ ಸಾಕ್ಷಿಗಳ ಪರಸ್ಪರ ಒಪ್ಪಿಗೆಯನ್ನು ಅಳೆಯತಕ್ಕವು. ಎಲ್ಲರಿಗೂ ಒಂದೇ ದೋಷವಿದ್ದರೆ ಎಲ್ಲರೂ ಒಪ್ಪಿ ತಪ್ಪು ಹೇಳುತ್ತಾರೆ. ಅಂಧಪರಂಪರಾನ್ಯಾಯವೆಂಬುದು ಇದೇ: ಕುರುಡನ ಕೈಯನ್ನು ಹಿಡಿದ ಕುರುಡರ ಸಾಲು ಎಷ್ಟು ಉದ್ದವಾದರೂ ದಾರಿ ಕಾಣದು. ಒಂದೇ ಪ್ರತಿಯನ್ನು ನೋಡಿ ಬರೆದ ನೂರು ಓಲೆಗಳು ಪಾಠಶೋಧಕನಿಗೆ ಒಂದೇ ಸಾಕ್ಷಿ.

ಇದು ಬರಿಯ ಶಂಕೆಯಲ್ಲ. ಅಮೇರಿಕದ ಒಂದು ಪ್ರಸಿದ್ಧ ಸಂಶೋಧನಾಲಯದವರು ೨೦೦೧ರಿಂದ ಮುಂದೆ ಜೀವಕೋಶದ ಪೊರೆಯ ಕೆಲವು ಪ್ರೋಟೀನುಗಳ ಚಿತ್ರಗಳನ್ನು ಪ್ರಕಟಿಸಿ ಕೀರ್ತಿಗಳಿಸಿದ್ದರು. ೨೦೦೬ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದೇ ಕುಟುಂಬದ ಬೇರೊಂದು ಪ್ರೋಟೀನಿನ ಚಿತ್ರವನ್ನು ಪ್ರಕಟಿಸಿದಾಗ ಎರಡಕ್ಕೂ ತಾಳೆ ಬೀಳಲಿಲ್ಲ. ವಿಚಾರಿಸಿ ನೋಡಲಾಗಿ, ಆ ಸಂಶೋಧನಾಲಯದಲ್ಲಿ ಬಳಕೆಯಲ್ಲಿದ್ದ, ಸಾಮಾನ್ಯ ತಂತ್ರಾಂಶಗಳಿಗೆ ಸೇರದ, ಒಂದು ಸ್ವಂತ ಕಾರ್ಯಕ್ರಮವು ಜೋಡಿ ಕಲೆಗಳ ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದಿತು. ಅದರಿಂದ ಅಣುವು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿತ್ತು. ಪ್ರತಿಯೊಂದು ಹರಳಿನ ಅಳತೆಯೂ ಅದೇ ಕಾರ್ಯಕ್ರಮದ ಮೂಲಕ ಹಾಯ್ದುದರಿಂದ, ಒಳಗಿನ ಯಾವ ಒಪ್ಪಿಗೆಯೂ ತಪ್ಪನ್ನು ಬಯಲಿಗೆ ತರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಸೈನ್ಸ್ ಎಂಬ ಪತ್ರಿಕೆಯಲ್ಲಿಯೇ ಮೂರು ಲೇಖನಗಳನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಷ್ಟು ವರ್ಷ ಆ ಚಿತ್ರಗಳನ್ನು ನಂಬಿ ಮುಂದಿನ ಪ್ರಯೋಗಗಳನ್ನು ಕಟ್ಟಿದವರ ಶ್ರಮವನ್ನು ಯಾರು ಹಿಂದಕ್ಕೆ ಕೊಡಬಲ್ಲರು? ತಪ್ಪನ್ನು ತೋರಿಸಿದುದು ಹೊರಗಿನಿಂದ ಬಂದ, ಬೇರೆ ದಾರಿಯಲ್ಲಿ ನಡೆದ ಒಬ್ಬ ಸಾಕ್ಷಿ.

ಸಾಕ್ಷಿಗಳನ್ನು ಆರಿಸುವ ಕಾರ್ಯವು ಇತ್ತೀಚೆಗೆ ಎಷ್ಟು ದೂರ ಬೆಳೆದಿದೆಯೆಂಬುದಕ್ಕೆ ಒಂದು ಉದಾಹರಣೆ ಸಾಕು. ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳನ್ನು ನೀರಿನ ಎಳೆಯಲ್ಲಿ ಹರಿಯಬಿಟ್ಟು, ಪ್ರತಿಯೊಂದೂ ನಾಶವಾಗುವುದಕ್ಕೆ ಮುಂಚಿನ ಕ್ಷಣಾಂಶದಲ್ಲಿಯೇ ಅದರ ಒಂದೊಂದು ಚಿತ್ರವನ್ನು ತೆಗೆಯುವ ವಿಧಾನವು ೨೦೧೧ರಲ್ಲಿ ಪ್ರಕಟವಾಯಿತು. ಸಸ್ಯಗಳು ಬೆಳಕನ್ನು ಹೀರಿಕೊಳ್ಳುವುದಕ್ಕೆ ಬೇಕಾದ ಒಂದು ದೊಡ್ಡ ಪ್ರೋಟೀನ್ ಸಮೂಹವೇ ಅಲ್ಲಿ ಪರೀಕ್ಷೆಗೊಳಗಾದುದು. ತೆಗೆದ ಚಿತ್ರಗಳು ಮೂವತ್ತು ಲಕ್ಷಕ್ಕೂ ಮಿಕ್ಕಿದ್ದುವು; ಕೇರಿ ಆರಿಸಿ ಕೂಡಿಸಿದವು ಸುಮಾರು ಹದಿನೈದು ಸಾವಿರ. ಮೊರದಲ್ಲಿ ಕೇರುವ ಗೃಹಿಣಿಯ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ನಮ್ಮ ನಾಡಿಗೂ ಈ ವಿದ್ಯೆಯಲ್ಲಿ ಪಾಲಿದೆ. ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆಯು ೧೯೩೫ರಲ್ಲಿ ಇನ್ಸುಲಿನ್ ಹರಳಿನ ಮೊದಲ ಕ್ಷ-ಕಿರಣ ಚಿತ್ರವನ್ನು ಪ್ರಕಟಿಸಿ, ಮೂವತ್ತನಾಲ್ಕು ವರ್ಷಗಳ ತರುವಾಯ, ೧೯೬೯ರಲ್ಲಿ, ಅದರ ಅಣುವಿನ ರಚನೆಯನ್ನು ಹೊರಗೆಡಹಿದಾಗ, ಅವರ ತಂಡದಲ್ಲಿ ಎಂ. ವಿಜಯನ್ ಅವರು ಇದ್ದರು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನು ಹರಳುಗಳ ಅಧ್ಯಯನವನ್ನು ಬೆಳೆಸಿದರು. ನಮ್ಮ ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯು ಅಲ್ಲಿ ತಿಳಿದುಬಂದಿತು. ಅವರು ೨೦೨೨ರಲ್ಲಿ ತೀರಿಕೊಂಡರು.

ಈ ವಿದ್ಯೆಯಿಂದ ಗೃಹಸ್ಥರಿಗೆ ಆಗತಕ್ಕ ಉಪಯೋಗವು ಔಷಧದ ಸೀಸೆಯೊಂದರಲ್ಲಿಯೇ ಇಲ್ಲ. ಹತ್ತು ಜನ ಹತ್ತು ಬಗೆಯಾಗಿ ಹೇಳಿದ ಮಾತುಗಳ ನಡುವೆ ನಾವು ದಿನವೂ ತೀರ್ಮಾನ ಮಾಡಬೇಕಾಗಿದೆ. ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ, ಮನೆಯವರ ಜಗಳವನ್ನು ತೀರಿಸುವಾಗ, ಮೊದಲು ಒಬ್ಬೊಬ್ಬರ ಸ್ವಭಾವದ ಗುಣಕವನ್ನು ತಿಳಿಯಬೇಕು. ಅವರು ಒಂದೇ ಸಂಗತಿಯನ್ನು ಒಂದೇ ದಿಕ್ಕಿನಿಂದ ನೋಡಿದರೇ ಎಂದು ವಿಚಾರಿಸಬೇಕು. ಮೆಲ್ಲಗೆ ನುಡಿದವರನ್ನು ಆ ಕಾರಣದಿಂದಲೇ ತಳ್ಳಿಬಿಡಬಾರದು. ಎಲ್ಲರೂ ಒಪ್ಪಿದರೆಂದು ನೆಮ್ಮದಿಗೊಳ್ಳುವುದಕ್ಕೆ ಮೊದಲು, ಅವರೆಲ್ಲರೂ ಒಬ್ಬನ ಬಾಯಿಂದಲೇ ಕೇಳಿದವರಲ್ಲವಷ್ಟೆ ಎಂದು ನೋಡಿಕೊಳ್ಳಬೇಕು. ಇಷ್ಟು ಮಾಡಿದವನ ತೀರ್ಪೂ ಒಮ್ಮೊಮ್ಮೆ ತಪ್ಪಬಹುದು. ಆದರೆ ಅವನ ಪಟ್ಟಿಗಳು ಅವನ ಬಳಿಯಲ್ಲಿಯೇ ಇರುವುದರಿಂದ, ಹೊಸ ಸಾಕ್ಷಿ ಬಂದ ದಿನ ಅವನು ಲೆಕ್ಕವನ್ನು ಮತ್ತೆ ಹಾಕಬಲ್ಲನು.